ಎರಡು ಬಾಗಿಲ ಗವಿ, ಒಂದೇ ಗೆರೆ

ಒಂದು ಕಾಡಿನಲ್ಲಿ ಎರಡು ಬಾಗಿಲಿನ ಒಂದು ಗವಿ ಇತ್ತು. ಮೇಲಿನ ಬಾಗಿಲು ಮರದ ಕೊಂಬೆಗೆ ತಾಗಿಕೊಂಡಿತ್ತು. ಕೆಳಗಿನ ಬಾಗಿಲು ನೆಲಕ್ಕೆ ತೆರೆದುಕೊಂಡಿತ್ತು. ಮರದ ಮೇಲೆ ಬದುಕುವವರು ಮೇಲಿಂದ ಬರುತ್ತಿದ್ದರು, ಬಿಲದಲ್ಲಿ ಬದುಕುವವರು ಕೆಳಗಿಂದ. ಮಳೆಗಾಲಕ್ಕೆ ಬೇಕಾದದ್ದನ್ನೆಲ್ಲ ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟಿ, ಎಲ್ಲರೂ ಆ ಗವಿಯಲ್ಲೇ ಇಡುತ್ತಿದ್ದರು. ನೀರು ನುಗ್ಗದ ಜಾಗ ಅಂತ ಆ ಕಾಡಿನಲ್ಲಿ ಇದ್ದದ್ದು ಅದೊಂದೇ.

ಗವಿ ಒಂದೇ, ಸರಿ. ಆದರೆ ಗುರುತು? ತಕರಾರು ಇದ್ದದ್ದೇ ಅಲ್ಲಿ. ಮರದವರು ಪೊಟ್ಟಣದ ಎಲೆಗೆ ತೂತು ಹಾಕುತ್ತಿದ್ದರು. ಗಿಣಿಗೆ ಒಂದು ತೂತು, ಅಳಿಲಿಗೆ ಎರಡು, ಕರಿಮುಖದ ಮುಸುವನಿಗೆ ಮೂರು. ಬಿಲದವರಿಗೋ ತೂತು ಕಂಡರಾಗದು. ತೂತಿದ್ದರೆ ಒಳಗೆ ಹುಳ ಹೊಕ್ಕಿದೆ ಅಂತಲೇ ಅವರ ಎಣಿಕೆ. ಅವರು ಎಲೆಯ ಮೇಲೆ ಮಣ್ಣಿನ ಬೊಟ್ಟು ಇಡುತ್ತಿದ್ದರು. ಮರದವರಿಗೆ ಮಣ್ಣು ಕಂಡರೆ ಗೆದ್ದಲು ಹತ್ತಿತು ಅನ್ನುವ ಭಯ. ಹೋದ ವರ್ಷ ಏನಾಯಿತು ಗೊತ್ತೆ? ಕೆಳಬಾಗಿಲು ಕಾಯುವ ಹೆಗ್ಗಣ ತೂತಿದ್ದ ಪೊಟ್ಟಣಗಳನ್ನೆಲ್ಲ ಹೊಳೆಗೆ ಉರುಳಿಸಿತು. ಮೇಲ್ಬಾಗಿಲು ಕಾಯುವ ಮುಸುವ ಬೊಟ್ಟಿದ್ದ ಪೊಟ್ಟಣಗಳನ್ನೆಲ್ಲ ಕೊಂಬೆಯಿಂದ ಆಚೆ ಎಸೆಯಿತು. ಇಬ್ಬರೂ ಒಳ್ಳೆಯ ಕೆಲಸ ಮಾಡಿದೆವು ಅಂದುಕೊಂಡಿದ್ದರು, ಪಾಪ! ಆ ಮಳೆಗಾಲ ಇಡೀ ಕಾಡು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಮಲಗಿತು.

ಈ ವರ್ಷ ಮತ್ತೆ ಜಗಳ ಶುರುವಾಗುವುದರಲ್ಲಿತ್ತು. ಆಗ ಕಸ್ತೂರಯ್ಯ ಎಂಬ ಪುನುಗು ಬೆಕ್ಕು ಮುಂದೆ ಬಂತು. ಅದು ಮರವನ್ನೂ ಹತ್ತುತ್ತಿತ್ತು, ಬಿಲವನ್ನೂ ಹೊಗುತ್ತಿತ್ತು. ಮಾತಂತೂ ಬೆಣ್ಣೆ.

“ನಾನು ಎರಡೂ ಕಡೆಯವನು. ಗವಿಯ ನಡುವೆ ಕೂತಿರ್ತೀನಿ,” ಎಂದಿತು. “ತೂತಿನ ಎಲೆ ಬಂದ್ರೂ ತೆಗೀತೀನಿ, ಮಣ್ಣಿನ ಎಲೆ ಬಂದ್ರೂ ತೆಗೀತೀನಿ. ಹೊಸ ಎಲೆ ಸುತ್ತಿ ಮೇಲೊಂದು ಗೆರೆ ಎಳೀತೀನಿ. ಗೆರೆ ಕಂಡ್ರೆ ಯಾರಿಗೂ ತೊಂದರೆ ಇಲ್ಲ ತಾನೆ?”

“ಇಲ್ಲ, ಇಲ್ಲ!” ಎಂದು ಎಲ್ಲರೂ ತಲೆಯಾಡಿಸಿದರು.

ಒಬ್ಬಳು ಮಾತ್ರ ತಲೆಯಾಡಿಸಲಿಲ್ಲ. ಅವಳೇ ಹೊಂಬಾಲಿ ಎಂಬ ಕೆಂದಳಿಲು. ಏನು ಕಂಡರೂ ಯಾಕೆ, ಹೇಗೆ ಎಂದು ಕೇಳದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ.

“ಕಸ್ತೂರಯ್ಯನೋರೇ, ನನ್ನ ಎರಡು ತೂತೂ ಗೆರೆ ಆಗುತ್ತೆ, ಗಿಣಿಯ ಒಂದು ತೂತೂ ಗೆರೆ ಆಗುತ್ತೆ. ವಾಪಸ್ಸು ಕೊಡುವಾಗ ಯಾವ ಗೆರೆ ಯಾರದ್ದು ಅಂತ ಹೇಗೆ ಗೊತ್ತಾಗುತ್ತೆ?”

“ನನಗೆ ನೆನಪಿರುತ್ತಮ್ಮಾ, ನೆನಪಿರುತ್ತೆ,” ಎಂದು ಕಸ್ತೂರಯ್ಯ ನಕ್ಕಿತು.

“ಶುರುವಾಯ್ತಪ್ಪ ಇವಳದು!” ಎಂದು ಮುಸುವ ಗದರಿತು. ಹೊಂಬಾಲಿ ಸುಮ್ಮನಾದಳು. ಆದರೆ ಪ್ರಶ್ನೆ ಸುಮ್ಮನಾಗಲಿಲ್ಲ.

ಅವಳಿಗೆ ಚಿಂತೆ ಇಲ್ಲದೆ ಇದ್ದೀತೆ? ಗೂಡಿನಲ್ಲಿ ಇನ್ನೂ ಕಣ್ಣು ಬಿಡದ ಮೂರು ಮರಿಗಳಿದ್ದವು. ಹಲಸಿನ ಬೀಜ, ಒಣಗಿದ ಇಪ್ಪೆ ಹೂವು, ಎಲ್ಲ ಸೇರಿಸಿ ಅವಳು ಕಟ್ಟಿದ್ದದ್ದು ಒಂದೇ ಪೊಟ್ಟಣ. ಅದು ಸಿಕ್ಕರೆ ಅವಳಿಗೆ ಊಟ, ಅವಳು ಉಂಡರೆ ಮರಿಗಳಿಗೆ ಹಾಲು. ಬೀಜಕ್ಕೆ ತಂಡಿ ಹಿಡಿಯದಿರಲಿ ಎಂದು ತನ್ನ ಬಾಲದ ಕೆಂಪು ಕೂದಲನ್ನು ಕಿತ್ತು ಒಳಗೆ ಹಾಸಿದ್ದಳು. ಅದು ಅವಳಮ್ಮ ಹೇಳಿಕೊಟ್ಟಿದ್ದ ರೂಢಿ.

ಆರಿದ್ರೆ ಮಳೆ ಹಿಡಿಯಿತು. ಹೊಂಬಾಲಿ ನೆನೆದು ತೊಪ್ಪೆಯಾಗಿ ಮೇಲ್ಬಾಗಿಲಿಗೆ ಬಂದಳು. ಕಸ್ತೂರಯ್ಯ ಒಂದು ಪೊಟ್ಟಣ ನೂಕಿತು. ಬಿಚ್ಚಿ ನೋಡಿದರೆ ಅದರ ತುಂಬ ಒಣಗಿದ ಗೆದ್ದಲು!

“ಅಯ್ಯೋ, ಇದು ನಂದಲ್ಲ!”

“ಇದರ ಮೇಲೂ ಗೆರೆ, ಅದರ ಮೇಲೂ ಗೆರೆ. ಗೆರೆ ಅಂದಮೇಲೆ ಎಲ್ಲಾ ಒಂದೇ. ಯಾರದ್ದು ಅಂತ ನಾನು ಹೇಗೆ ಹೇಳಲಿ ತಾಯೀ? ಸಿಕ್ಕಿದ್ದು ತಗೊಂಡು ಹೋಗು,” ಎಂದಿತು ಕಸ್ತೂರಯ್ಯ.

ಹೋದ ತಿಂಗಳು ನೆನಪಿರುತ್ತೆ ಎಂದ ಬಾಯಿ ಇದೇ ಅಲ್ಲವೆ? ಹೊಂಬಾಲಿಗೆ ಸಿಟ್ಟು ನೆತ್ತಿಗೇರಿತು, ಅಳುವೂ ಬಂತು. ಗೆದ್ದಲಿನ ಪೊಟ್ಟಣ ಕಚ್ಚಿಕೊಂಡು ಬಂಡೆ ಸುತ್ತಿ ಕೆಳಬಾಗಿಲಿಗೆ ಇಳಿದಳು. ಅಲ್ಲಿ ಚಿಪ್ಪಜ್ಜ ಎಂಬ ಮುದಿ ಚಿಪ್ಪುಹಂದಿ ಒಂದು ರಾಶಿ ಬಾದಾಮಿ ಕಾಯಿ ಮುಂದಿಟ್ಟುಕೊಂಡು ಮುಖ ಸಪ್ಪೆ ಮಾಡಿ ಕೂತಿತ್ತು.

“ನೋಡು ಮಗಾ, ನನಗೆ ಇದನ್ನ ಕೊಟ್ಟಿದ್ದಾನೆ. ಬಾಯಲ್ಲಿ ಒಂದೂ ಹಲ್ಲಿಲ್ಲ. ಹುಟ್ಟಿದಾಗಿಂದಲೂ ಇಲ್ಲ!”

ಹೊಂಬಾಲಿಗೆ ಅಷ್ಟು ದುಃಖದಲ್ಲೂ ನಗು ಬಂತು. ಗೆದ್ದಲನ್ನು ಅಜ್ಜನ ಮುಂದೆ ಸುರಿದಳು. “ಇದು ನಿಮ್ಮದೇ ಇರಬೇಕು, ತಿನ್ನಿ. ಅಜ್ಜಾ, ಒಂದು ಮಾತು ಕೇಳ್ತೀನಿ. ತೂತು ಕಂಡ್ರೆ ನಿಮ್ಮವರಿಗೆ ಆಗಲ್ಲ. ಪೊಟ್ಟಣ ಕಟ್ಟಿದ ನಾರಿನ ತುದಿಗೆ ಗಂಟು ಹಾಕಿದ್ದು ಕಂಡ್ರೆ ಏನಂತಾರೆ?”

“ಗಂಟಾ? ಏನೂ ಅನ್ನಲ್ಲ. ಅದನ್ನ ನಾವು ಯಾವುದಕ್ಕೂ ಬಳಸಲ್ಲ. ನಾರಿಗೆ ಮುಳ್ಳು ಸಿಕ್ಕಿಸಿದ್ರೆ ನಿಮ್ಮವರು ಏನಂತಾರೆ?”

“ನಮ್ಮವರೂ ಏನೂ ಅನ್ನಲ್ಲ!” ಹೊಂಬಾಲಿಯ ಕಣ್ಣು ಅರಳಿತು. “ಹಾಗಾದ್ರೆ ಒಂದು ತೂತಿಗೆ ಒಂದು ಗಂಟು, ಒಂದು ಬೊಟ್ಟಿಗೆ ಒಂದು ಮುಳ್ಳು. ವಾಪಸ್ಸು ಬರುವಾಗ ಗಂಟು ಎಣಿಸಿದ್ರೆ ತೂತು ಎಷ್ಟಿತ್ತು ಅಂತ ತಿಳಿಯುತ್ತೆ. ಯಾರದ್ದೂ ಯಾರಿಗೂ ಬೆರೆಯಲ್ಲ. ಇಷ್ಟು ಸುಲಭ ಇತ್ತಲ್ಲಜ್ಜಾ! ಮತ್ತೆ ಅವನು ಎಲ್ಲಕ್ಕೂ ಒಂದೇ ಗೆರೆ ಎಳೆದದ್ದು ಯಾಕೆ?”

“ಅದನ್ನ ಅವನನ್ನೇ ಕೇಳಬೇಕು,” ಎಂದಿತು ಅಜ್ಜ, ಗೆದ್ದಲು ನೆಕ್ಕುತ್ತ.

ಹೊಂಬಾಲಿ ಕೇಳಲಿಲ್ಲ, ನೋಡಿದಳು. ಕೆಳಬಾಗಿಲ ಬಿರುಕಿನಲ್ಲಿ ಮೂಗು ತೂರಿಸಿ ಕೂತಳು. ಕಸ್ತೂರಯ್ಯ ರಾಶಿಯಿಂದ ಒಂದು ಪೊಟ್ಟಣ ಎತ್ತಿತು, ತಿರುಗಿಸಿ ಅಡಿಭಾಗ ನೋಡಿತು, ಪಕ್ಕಕ್ಕಿಟ್ಟಿತು. ಇನ್ನೊಂದು ಎತ್ತಿತು, ಅಡಿಭಾಗ ನೋಡಿತು, ಬಿಚ್ಚಿ ಗಿಣಿಯ ನೇರಳೆ ಹಣ್ಣನ್ನು ಚಪ್ಪರಿಸಿ ತಿಂದಿತು. ಎಲ್ಲಾ ಒಂದೇ ಅನ್ನುವವನಿಗೆ ಅಡಿಯಲ್ಲಿ ನೋಡುವಂಥದ್ದು ಏನಿದೆ? ಅವಳ ಬಾಲ ನೆಟ್ಟಗೆ ನಿಂತಿತು.

ಅಷ್ಟು ಹೊತ್ತಿಗೆ ಬೇರೆಯವರದ್ದು ಸಿಕ್ಕಿದವರೆಲ್ಲ ಗವಿಯ ಮುಂದೆ ಸೇರಿ ಗೋಳಿಡುತ್ತಿದ್ದರು. ಹೊಂಬಾಲಿ ಬಂಡೆಯ ಮೇಲೆ ಹಾರಿ ನಿಂತಳು.

“ಯಾರೂ ಜಗಳ ಆಡಬೇಡಿ. ಕಸ್ತೂರಯ್ಯನೋರು ಹೇಳಿದ್ದು ಸರಿ, ಗೆರೆ ಅಂದಮೇಲೆ ಎಲ್ಲಾ ಒಂದೇ. ಗವಿಯಲ್ಲಿರೋ ಅಷ್ಟನ್ನೂ ಹೊರಗೆ ತನ್ನಿ. ಯಾರ ಕೈಗೆ ಯಾವುದು ಸಿಕ್ಕುತ್ತೋ ಅದು ಅವರದ್ದು. ಚಿಕ್ಕವರು ಮೊದಲು ತಗೊಳ್ಳಲಿ, ಗವಿಯ ನಡುವೆ ಕೂತವರು ಕೊನೆಗೆ.”

ಎಲ್ಲರೂ ಒಪ್ಪಿದರು. ಕಸ್ತೂರಯ್ಯ ಬೇಡ ಅನ್ನುವಂತಿರಲಿಲ್ಲ. ಅದು ತನ್ನದೇ ಮಾತು! ಪೊಟ್ಟಣಗಳೆಲ್ಲ ಹೊರಬಂದವು. ಅದರಲ್ಲೊಂದು ಮಾತ್ರ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ಹೆಗ್ಗಣ ಮುಂದೆ ಬಂದು ಸೀದಾ ಅದಕ್ಕೇ ಕೈ ಹಾಕಿತು.

“ಅಯ್ಯಯ್ಯೋ, ಬಿಡೋ ಅದನ್ನ! ಅದು ನಂದು!” ಕಸ್ತೂರಯ್ಯ ಚೀರಿತು.

“ನಿಮ್ಮದಾ? ಅದರ ಮೇಲಿರೋದೂ ಗೆರೆಯೇ. ನಿಮ್ಮದು ಅಂತ ಹೇಗೆ ಹೇಳ್ತೀರಿ?” ಎಂದಳು ಹೊಂಬಾಲಿ.

ಹೆಗ್ಗಣ ಆಗಲೇ ನಾರು ಕಡಿಯುತ್ತಿತ್ತು. ಇಡೀ ಮಳೆಗಾಲದ ಸಿಹಿ ಕಣ್ಣೆದುರೇ ಹೋಗುತ್ತಿದೆ! ಕಸ್ತೂರಯ್ಯನಿಗೆ ಮೈಮೇಲಿನ ಎಚ್ಚರ ತಪ್ಪಿತು.

“ಅಡಿಯಲ್ಲಿ ನೋಡ್ರೋ! ನಾಲ್ಕು ಹಲ್ಲಿನ ಅಚ್ಚು ಇದೆ, ನಾನೇ ಒತ್ತಿದ್ದು!”

ಎಲ್ಲರೂ ಕೈಗೆ ಸಿಕ್ಕ ಪೊಟ್ಟಣವನ್ನು ತಿರುಗಿಸಿ ನೋಡಿದರು. ಎಲೆ ತೂತಾಗದಷ್ಟು ಮೆತ್ತಗೆ ಒತ್ತಿದ ಅಚ್ಚು ಪ್ರತಿಯೊಂದರ ಅಡಿಯಲ್ಲೂ ಇತ್ತು. ಒಂದೊಂದಕ್ಕೂ ಒಂದೊಂದು ಬಗೆ.

“ಅಂದರೆ ನಿನಗೆ ಯಾರದ್ದು ಯಾವುದು ಅಂತ ಮೊದಲಿಂದಲೂ ಗೊತ್ತಿತ್ತು!” ಎಂದಿತು ಚಿಪ್ಪಜ್ಜ. “ಗೊತ್ತಿದ್ದೂ ನನಗೆ ಬಾದಾಮಿ ಕಾಯಿ ಕೊಟ್ಟೆ!”

ಹೆಗ್ಗಣ ಉಬ್ಬಿದ ಪೊಟ್ಟಣವನ್ನು ಬಿಚ್ಚಿತು. ನೇರಳೆ, ಜೇನುಹುಟ್ಟಿನ ಚೂರು, ಹಲಸಿನ ಬೀಜ, ಇಪ್ಪೆ ಹೂವು ನೆಲಕ್ಕೆ ಸುರಿದವು. ಹೂವಿನ ನಡುವೆ ಒಂದು ಹಿಡಿ ಕೆಂಪು ಕೂದಲು ಸಿಕ್ಕಿಕೊಂಡಿತ್ತು.

ಹೊಂಬಾಲಿ ತನ್ನ ಬಾಲವನ್ನು ಆ ಕೂದಲ ಪಕ್ಕಕ್ಕೆ ತಂದು ಹಿಡಿದಳು. ಬಣ್ಣ ಎಲ್ಲರಿಗೂ ಕಂಡಿತು.

“ಕಣ್ಣು ಬಿಡದ ಮಕ್ಕಳ ಹಾಲಿಗೆ ಬಾಯಿ ಹಾಕಿದೆಯಲ್ಲೋ!” ಎಂದು ಮುಸುವ ಹಲ್ಲು ಕಡಿಯಿತು. ಅವಳನ್ನು ಗದರಿಸಿದ್ದು ನೆನಪಾಗಿ ಅದರ ಕರಿಮುಖ ಇನ್ನಷ್ಟು ಕರಿದಾಯಿತು. “ತಪ್ಪಾಯ್ತು ತಂಗೀ. ಅವತ್ತು ನೀನು ಕೇಳಿದ್ದನ್ನ ನಾವೂ ಕೇಳಬೇಕಿತ್ತು.”

ಕಸ್ತೂರಯ್ಯನನ್ನು ನಡುವೆ ಕೂರಿಸಿದರು. ಮಳೆಯಲ್ಲೇ ಕೂತು, ಯಾವ ಅಚ್ಚು ಯಾರದ್ದು ಅಂತ ಅದು ಒಂದೊಂದಾಗಿ ಹೇಳಿತು. ತಿಂದು ಮುಗಿಸಿದ್ದಕ್ಕೆ ಬದಲು ಅದರ ಉಬ್ಬಿದ ಪೊಟ್ಟಣದಿಂದಲೇ ಹಂಚಿದರು. ಸಂಜೆಯ ಹೊತ್ತಿಗೆ ಅದಕ್ಕೆ ಉಳಿದದ್ದು ಮುತ್ತುಗದ ಎಲೆಯೊಂದೇ. ಅದನ್ನೇ ತಲೆಯ ಮೇಲೆ ಹಿಡಿದುಕೊಂಡು, ನೆನೆಯುತ್ತ, ಕಾಡು ಬಿಟ್ಟು ಹೋಯಿತು.

ಮರುದಿನ ಚಿಪ್ಪಜ್ಜ ಗವಿಯ ಎರಡೂ ಬಾಗಿಲಿನ ಬಂಡೆಯ ಮೇಲೆ ಉಗುರಿನಿಂದ ಕೆತ್ತಿತು. ತೂತಿನ ಪಕ್ಕ ಗಂಟು, ಬೊಟ್ಟಿನ ಪಕ್ಕ ಮುಳ್ಳು. ಹೊಂಬಾಲಿ ಕೊಂಬೆಯಿಂದ ಬಾಗಿ ನೋಡಿದಳು.

“ಅಜ್ಜಾ, ನಾಳೆ ನೀರುನಾಯಿಗಳೂ ಬಂದು ಬೇರೆ ಏನಾದರೂ ಗುರುತು ಹಾಕಿದ್ರೆ?”

“ಶುರುವಾಯ್ತಪ್ಪ ಇವಳದು!” ಎಂದು ಮುಸುವ ನಕ್ಕಿತು. “ಕೇಳು ತಂಗೀ, ಕೇಳು,” ಎಂದು ತಾನೇ ಸರಿದು ಅವಳಿಗೆ ಜಾಗ ಮಾಡಿಕೊಟ್ಟಿತು. ಚಿಪ್ಪಜ್ಜ ಬಂಡೆಯ ಮೇಲೆ ಇನ್ನೊಂದು ಸಾಲಿಗೆ ಜಾಗ ಬಿಟ್ಟಿತು. ಹೊಂಬಾಲಿ ಎರಡು ಗಂಟಿನ ಪೊಟ್ಟಣ ಕಚ್ಚಿಕೊಂಡು, ಮೂರು ಮರಿಗಳು ಕಾಯುತ್ತಿದ್ದ ಗೂಡಿನ ಕಡೆಗೆ ಹಾರಿದಳು.

ನೀತಿ: ಹೊಂದಿಕೊಂಡು ಬಾಳಲು ಗುರುತನ್ನು ಬದಲಿಸಬಹುದು, ಆದರೆ ಯಾವುದಕ್ಕೆ ಬದಲು ಯಾವುದು ಎಂಬುದು ಎಲ್ಲರಿಗೂ ತಿಳಿದಿರಬೇಕು. ಅದನ್ನು ಒಬ್ಬನೇ ಬಚ್ಚಿಟ್ಟುಕೊಂಡರೆ ಮೋಸಕ್ಕೆ ದಾರಿಯಾಗುತ್ತದೆ.