ಪಾಲಯ್ಯನ ಅಕ್ಷರ, ಓಬಳೇಶನ ಕೈ

ನಗೋರು ಮುಂದೆ ಕೂತ್ಕೊಳ್ಳಿ. ಮಕ್ಕಳನ್ನ ಹೆತ್ತು ಹಣೆ ಹಣೆ ಚಚ್ಚಿಕೊಂಡೋರು ಯಾರಾದರೂ ಇದ್ದರೆ ನನ್ನ ಪಕ್ಕಕ್ಕೆ ಬನ್ನಿ, ನಿಮಗೆ ಈ ಕತೆ ಬೇಗ ಅರ್ಥ ಆಗುತ್ತೆ.

ಚಳ್ಳಕೆರೆ ಪೇಟೆಯಲ್ಲಿ ಬೋರಮ್ಮ ಅಂತ ಒಬ್ಬಳು. ಅವಳ ಗಂಡ ಪಾಲಯ್ಯ ಅಂಗಡಿಗಳಿಗೆ ಬೋರ್ಡ್ ಬರೀತಿದ್ದ. ಅವನ ಅಕ್ಷರವನ್ನ ದೂರದಿಂದಲೇ ಗುರುತು ಹಿಡೀಬಹುದಿತ್ತು. ದಪ್ಪ ಗೆರೆ ತೊಲೆಯಷ್ಟು ದಪ್ಪ, ಸಣ್ಣ ಗೆರೆ ದಾರದಷ್ಟು ಸಣ್ಣ, ಗೆರೆ ಮುಗಿಯೋ ಕಡೆ ಅಕ್ಷರ ನಿಂತ್ಕೊಳ್ಳೋಕೆ ಅಂತ ಒಂದು ಪುಟ್ಟ ಪಾದ. ಅವನು ತೀರಿಕೊಂಡ ಮೇಲೆ ಉಳಿದಿದ್ದು ಬ್ರಷ್ಷು, ಅಂಗಡಿ, ಮಗ ಓಬಳೇಶ. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಕೈ ಮಾತ್ರ ಅಪ್ಪಂದೇ, ಒಂಚೂರೂ ನಡುಗ್ತಿರಲಿಲ್ಲ. ಆ ಅಕ್ಷರ ಗಂಡನ ಜೊತೆಗೇ ಮಣ್ಣಾಗಬಾರದು ಅನ್ನೋದೊಂದೇ ಬೋರಮ್ಮನ ಆಸೆ.

ಮೊದಲು ಬಳೆ ಅಂಗಡಿ ಬೋರ್ಡು ಬಂತು. ಸಣ್ಣ ಗೆರೆ ಒಂದು ಕೂದಲೆಳೆಯಷ್ಟಿರಲಿ ಅಂದಳು ಅವ್ವ. ಈ ಮಹರಾಯ ಅಪ್ಪನ ಬ್ರಷ್ಷಿನಲ್ಲಿ ಒಂದೇ ಒಂದು ಕೂದಲು ಉಳಿಸಿ ಮಿಕ್ಕಿದ್ದನ್ನೆಲ್ಲ ಕತ್ತರಿಸಿ, ಸಣ್ಣ ಗೆರೆಯನ್ನೆಲ್ಲ ಅದರಲ್ಲಿ ಎಳೆದ. ಬೋರ್ಡು ಮೇಲೇರಿದ ಮೇಲೆ ಸಣ್ಣ ಗೆರೆ ಒಂದೂ ಕಾಣಲಿಲ್ಲ. ದಪ್ಪ ಗೆರೆಗಳಷ್ಟೇ ಬೇಲಿ ಗೂಟ ನೆಟ್ಟಂಗೆ ನಿಂತಿದ್ದವು. ಇದೇನು ಸೌದೆ ಡಿಪೋನಾ ಅಂತ ಜನ ಕೇಳಿದರು. ಬೋರಮ್ಮ ಬೈದು ಬೈದು ಸುಸ್ತಾಗಿ, ಇನ್ನು ಮೇಲೆ ಏನೇ ಬರೆದರೂ ರಸ್ತೆ ಆಚೆ ನಿಂತೋರು ಓದೋ ಹಂಗಿರಬೇಕು ಅಂದಳು. ಆಗಲಿ ಕಣವ್ವ ಅಂದ ಇವನು.

ಆಮೇಲೆ ಬಂದಿದ್ದು ಸೋದರತ್ತೆ ಮಗಳ ಲಗ್ನಪತ್ರಿಕೆ. ಅಚ್ಚಿಗೆ ಕೊಡೋಕೆ ಮುಂಚೆ ಅಕ್ಷರ ಬರೆದುಕೊಡಬೇಕಿತ್ತು. ಅಂಗೈ ಅಗಲದ ಕಾರ್ಡು. ಓಬಳೇಶ ಬರೆದ, ಗೋಡೆಗೆ ಒರಗಿಸಿದ, ರಸ್ತೆ ದಾಟಿ ಹೋಗಿ ನೋಡಿದ. ಕಾಣಲಿಲ್ಲ. ವಾಪಸ್ ಬಂದು ಇನ್ನೊಂದು ಕಾರ್ಡು ತಗೊಂಡು ಇನ್ನೂ ದೊಡ್ಡದಾಗಿ ಬರೆದ. ಕೊನೆಗೆ ಕಾರ್ಡಲ್ಲಿ ಹಿಡಿಸಿದ್ದು "ಶ್ರೀ" ಒಂದೇ. ಹೆಣ್ಣಿಲ್ಲ, ಗಂಡಿಲ್ಲ, ಮುಹೂರ್ತ ಇಲ್ಲ. ಸೋದರತ್ತೆ ಮಾತು ಬಿಟ್ಟಳು. ಬೋರಮ್ಮ ತಲೆ ಮೇಲೆ ಕೈ ಹೊತ್ತು, ನಿಮ್ಮಪ್ಪನ ಅಕ್ಷರ ಎದ್ದು ಕಾಣೋಕೆ ಇರೋದು ಕಣೋ, ಹೆಸರನ್ನಷ್ಟೇ ಅದರಲ್ಲಿ ದೊಡ್ಡದಾಗಿ ಬರಿ, ಮಿಕ್ಕಿದ್ದನ್ನ ಸಾದಾ ಅಕ್ಷರದಲ್ಲಿ ಚಿಕ್ಕದಾಗಿ ಬರಿ ಅಂದಳು. ಆಗಲಿ ಕಣವ್ವ ಅಂದ.

ರುದ್ರಮುನಿ ಮೇಷ್ಟ್ರ ಕಾಂಪೌಂಡಿಗೆ ಊರೋರೆಲ್ಲ ಕಸ ತಂದು ಸುರೀತಿದ್ದರು. "ಇಲ್ಲಿ ಕಸ ಹಾಕಬಾರದು, ಇಂತಿ ರುದ್ರಮುನಿ" ಅಂತ ಬರೆಸಿದರು ಪಾಪ. ಇವನು ಗೋಡೆ ತುಂಬ ರುದ್ರಮುನಿ ಅಂತ ಬರೆದು, ಕಸ ಹಾಕಬಾರದು ಅನ್ನೋದನ್ನ ಮೂಲೆಯಲ್ಲಿ ಇರುವೆ ಗಾತ್ರ ಮಾಡಿದ. ಅವತ್ತಿಂದ ಕಸ ಎಲ್ಲಿ ಹಾಕಲಿ ಅಂದರೆ, ರುದ್ರಮುನಿ ಹತ್ರ ಹಾಕಿ ಬಾ ಅನ್ನೋಕೆ ಶುರು ಮಾಡಿದರು. ಬೋರಮ್ಮ ಅಳ್ತಾ ಬೈದಳು. "ಹೇಳೋರು ಯಾವುದನ್ನ ಒತ್ತಿ ಹೇಳ್ತಾರೋ ಅದನ್ನ ದೊಡ್ಡದಾಗಿ ಬರಿಯೋ, ನಿನಗೆ ಕೈ ಮುಗೀತೀನಿ."

ಅಷ್ಟೊತ್ತಿಗೆ ಪೇಟೆ ತುಂಬ ಫ್ಲೆಕ್ಸು ಬಂದು, ಬ್ರಷ್ಷಿನ ಕೆಲಸ ಕೇಳೋರೇ ಇಲ್ಲದಂಗಾಯ್ತು. ಪಾಂಡುರಂಗ ಶೆಟ್ಟರು ಒಬ್ಬರೇ, ತಮ್ಮ ಹೊಸ ಜವಳಿ ಅಂಗಡಿಗೆ ಪಾಲಯ್ಯನ ಅಕ್ಷರವೇ ಬೇಕು ಅಂದರು. ಚೆನ್ನಾಗಿ ಬಂದರೆ ಶೆಟ್ಟರ ಹಿರಿಯೂರು, ಹೊಸದುರ್ಗದ ಅಂಗಡಿಗಳ ಬೋರ್ಡೂ ಇವರಿಗೇ. ಕೆಟ್ಟರೆ ಬೋರಮ್ಮ ಅಂಗಡಿಗೆ ಬೀಗ ಹಾಕೋದೇ. ಅವಳಿಗೋ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿತ್ತು, ಏನೂ ಕಾಣ್ತಿರಲಿಲ್ಲ. ಬೋರ್ಡಿನ ಪಕ್ಕದಲ್ಲೇ ಕೂತು, ನನ್ನ ಬಾಯಲ್ಲಿ ಬಂದಿದ್ದನ್ನ ಬರಿ, ಒಂದಕ್ಷರ ಹೆಚ್ಚು ಕಮ್ಮಿ ಆಗಬಾರದು ಅಂದಳು. ಆಮೇಲೆ "ಕಲ್ಪವಲ್ಲಿ ಜವಳಿ ಅಂಗಡಿ" ಅಂತ ಒತ್ತಿ ಹೇಳಿದಳು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಹಿಂದಿನದೆಲ್ಲ ನೆನಪಾಗಿ ಹೊಟ್ಟೆ ಉರೀತು, ಇನ್ನೂ ಒತ್ತಿ ಇನ್ನೊಂದು ಮಾತು ಹೇಳಿದಳು.

ಪಟ್ಟಿ ಬಿಚ್ಚಿದ ಮಾರನೇ ದಿನ ಬೆಳಿಗ್ಗೆ ಅಂಗಡಿ ಪ್ರಾರಂಭ. ಬೋರಮ್ಮ ಕಪ್ಪು ಕನ್ನಡಕ ಹಾಕ್ಕೊಂಡು ಬಂದಳು. ಶೆಟ್ಟರು ಪರದೆ ಎಳೆದರು. ಮೇಲಿನ ಸಾಲಲ್ಲಿ ದೊಡ್ಡದಾಗಿ "ಕಲ್ಪವಲ್ಲಿ ಜವಳಿ ಅಂಗಡಿ". ಕೆಳಗಿನ ಸಾಲಲ್ಲಿ ಇನ್ನೂ ದೊಡ್ಡದಾಗಿ "ಇದನ್ನೂ ಹಾಳು ಮಾಡಿದರೆ ಮನೆಗೆ ಸೇರಿಸಲ್ಲ ಪೆದ್ದ ಮುಂಡೇದೆ". ಸೀರೆ ಕೊಳ್ಳೋಕೆ ಬಂದಿದ್ದ ಹೆಂಗಸರು ತಮ್ಮ ತಮ್ಮ ಗಂಡಂದಿರ ಮುಖ ನೋಡಿ ಬಿದ್ದು ಬಿದ್ದು ನಕ್ಕರು.

ಬೋರಮ್ಮ ಕನ್ನಡಕ ತೆಗೆದು ನೋಡಿದಳು. ಬೈಯೋದು ಮರೆತೇ ಹೋಯ್ತು. ದಪ್ಪದ್ದು ದಪ್ಪ, ಸಣ್ಣದ್ದು ಸಣ್ಣ, ಪಾದ ಪಾದದ ಜಾಗದಲ್ಲಿ. ಗಂಡನೇ ಎದ್ದು ಬಂದು ಬರೆದಂಗಿತ್ತು. ಅವಳಿಗೆ ಸಂತೋಷಕ್ಕೆ ಅಳು ಬಂತು. ಶೆಟ್ಟರೂ ನಗು ತಡೆದುಕೊಂಡು, "ಅಕ್ಷರ ಪಾಲಯ್ಯಂದೇ ಕಣಮ್ಮ. ಕೆಳಗಿನ ಬೈಗುಳ ಒಂದು ತೆಗೆಸಿಬಿಡಿ, ಮಿಕ್ಕ ಬೋರ್ಡೆಲ್ಲ ನಿಮಗೇ" ಅಂದರು.

ಬೋರಮ್ಮ ಕಣ್ಣೊರೆಸಿಕೊಂಡು, "ನಾನು ಅಂದಿದ್ದನ್ನೆಲ್ಲ ಅಳಿಸಿಬಿಡೋ ನನ್ನಪ್ಪ" ಅಂದಳು. ಎಷ್ಟೋ ವರ್ಷದ ಮೇಲೆ ಅವನಿಗೆ ಬೈಗುಳ ಇಲ್ಲದ ಮಾತು ಸಿಕ್ಕಿದ್ದು ಅವತ್ತೇ. ಶೆಟ್ಟರು ಅವಳನ್ನ ಒಳಗೆ ಕರೆದು ಕಾಫಿ ಕೊಟ್ಟರು.

ಹೊರಗೆ ಬಂದು ನೋಡಿದರೆ ಬೋರ್ಡಲ್ಲಿ ಏನಂದರೆ ಏನೂ ಇಲ್ಲ. ಬಣ್ಣ ಪೂರ್ತಿ ಒಣಗಿರಲಿಲ್ಲ ನೋಡಿ, ಕಲ್ಪವಲ್ಲಿಯೂ ಹೋಗಿದ್ದಳು, ಜವಳಿಯೂ ಹೋಗಿತ್ತು. ಓಬಳೇಶ ಸೀಮೆಎಣ್ಣೆ ಬಟ್ಟೆ ಹೆಗಲ ಮೇಲೆ ಹಾಕ್ಕೊಂಡು, ಏಣಿ ಎತ್ಕೊಂಡು ಹೊರಟಿದ್ದ.

"ಎಲ್ಲಿಗೋ?" ಅಂದಳು ಬೋರಮ್ಮ.

"ಬಳೆ ಅಂಗಡಿಗೆ ಕಣವ್ವ. ಅದೂ ನೀನು ಅಂದಿದ್ದೇ ಅಲ್ವಾ?"