ಬೀಗ ಹಾಕಿದ ಹೊಸ ಮನೆ

ಭೂಕಂಪದಲ್ಲಿ ಮನೆಯನ್ನೂ ಮಗನನ್ನೂ ಕಳೆದುಕೊಂಡ ನೀಲವ್ವನಿಗೆ ಸರ್ಕಾರ ಹೊಸ ಮನೆ ಕಟ್ಟಿಸಿಕೊಟ್ಟಿತು. ಆಕೆ ಅದರೊಳಗೆ ಜೋಳದ ಚೀಲ ಇಟ್ಟು ಬೀಗ ಜಡಿದಳು. ವರ್ಷಗಳು ಕಳೆದರೂ ಅಂಗಳದ ತಗಡಿನ ಶೆಡ್ಡಿನಲ್ಲೇ ಮಲಗಿದಳು. ಹೊಸ ಮನೆಗೆ ಮುಖಕ್ಕೆ ಹೊಡೆದಂತಾಗುತ್ತಿತ್ತು.

“ನನ್ನ ಕಂಬದೊಳಗೆ ಉಕ್ಕಿನ ಸರಳಿದೆ, ನಾನು ಬೀಳುವುದಿಲ್ಲ. ಆಕೆಗೇಕೆ ನಂಬಿಕೆಯಿಲ್ಲ?” ಎಂದು ಅದು ನೀಲವ್ವನ ಮುದಿ ನಾಯಿಯನ್ನು ಕೇಳಿತು.

“ಹಳೆಯ ಮನೆಗೆ ಎರಡು ಮೊಳ ದಪ್ಪದ ಕಲ್ಲುಗೋಡೆ ಇತ್ತು. ಅದೂ ಹೀಗೇ ಹೇಳುತ್ತಿತ್ತು,” ಎಂದಿತು ನಾಯಿ.

“ಹಾಗಾದರೆ ನಾನೇನು ಮಾಡಲಿ?”

“ಮಾತು ಬಿಡು. ನಿಂತಿರು.”

ಒಂದು ಮಧ್ಯಾಹ್ನ ನೆಲ ಮತ್ತೆ ನಡುಗಿತು. ಮನೆ ತುಟಿಪಿಟಕ್ಕೆನ್ನದೆ ನಿಂತಿತು. ನೀಲವ್ವ ಮೆಲ್ಲಗೆ ಬಂದು ಗೋಡೆಯನ್ನು ಅಂಗೈಯಿಂದ ಸವರಿದಳು.

“ನೀನರ ನಿಂತಿಯಲ್ಲೋ, ನನ್ನಪ್ಪಾ,” ಎಂದಳು.

ಒಳಗೆ ಹೋಗಲಿಲ್ಲ. ಆದರೆ ಅಂದು ಸಂಜೆ, ಮೊದಲ ಸಲ, ಹೊಸ್ತಿಲಿಗೆ ಅರಿಶಿನ ಹಚ್ಚಿದಳು.