ಬೊಗಳದ ನಾಯಿಯ ಆಕ್ಷೇಪಣೆ

ಅಂದು ಬೆಳಿಗ್ಗೆ ಶೋಚಿ ಎಂಬ ಹೆಣ್ಣುನಾಯಿ ಎಂದಿನಂತೆ ಒಲೆಯ ಪಕ್ಕದಲ್ಲಿ ತನ್ನ ನಾಲ್ಕು ಮರಿಗಳಿಗೆ ಹಾಲೂಡಿಸುತ್ತಿತ್ತು. ಸರೋವರದ ನಡುವಿನ ಆ ಅಜ್ಟೆಕರ ಪಟ್ಟಣದಲ್ಲಿ ನಾಯಿಗಳು ಮಾತಾಡುತ್ತಿದ್ದವು, ಆದರೆ ಬೊಗಳುತ್ತಿರಲಿಲ್ಲ. ಬೊಗಳುವುದು ಅವುಗಳ ಗಂಟಲಿಗೆ ಬರುತ್ತಲೇ ಇರಲಿಲ್ಲ.

ಸ್ಪೇನಿನ ಹಡಗಿನಲ್ಲಿ ಬಂದಿಳಿದ ಬೇಟೆನಾಯಿಯೊಂದು, ಕೊರಳಲ್ಲಿ ಕಬ್ಬಿಣದ ಪಟ್ಟಿ, ಬಾಯಲ್ಲಿ ಕಾಗದದ ಸುರುಳಿ, ನೇರವಾಗಿ ಅಂಗಳಕ್ಕೆ ನುಗ್ಗಿತು. ಕೇಳುವವರು ಯಾರೆಂದು ನೋಡದೆ, ಸುರುಳಿಯನ್ನು ನೆಲದ ಮೇಲೆ ಬಿಚ್ಚಿ ಗೋಡೆಗೆ ಮುಖಮಾಡಿ ಓದಿತು: "ಈ ಒಲೆಯನ್ನು ಕಡಲಾಚೆಯ ದೊಡ್ಡ ನಾಯಿಯವರು ನನಗೆ ದಯಪಾಲಿಸಿದ್ದಾರೆ. ಆಕ್ಷೇಪಣೆ ಉಳ್ಳವರು ಈಗಲೇ ಮೂರು ಸಲ ಬೊಗಳತಕ್ಕದ್ದು."

"ಅಲ್ಲಪ್ಪಾ, ನಿಮ್ಮ ದೊಡ್ಡ ನಾಯಿ ನಮ್ಮ ಒಲೆಯನ್ನು ಯಾವಾಗ ನೋಡಿತ್ತು?" ಎಂದಿತು ಶೋಚಿ.

"ನೋಡಿದ್ದರೆ ನನಗೆ ಕೊಡುತ್ತಿದ್ದರೇ? ತಾವೇ ಇಟ್ಟುಕೊಳ್ಳುತ್ತಿದ್ದರು. ಬೊಗಳು."

"ನಾವು ಬೊಗಳುವವರಲ್ಲ, ಸ್ವಾಮಿ."

"ಹಾಗಿದ್ದರೆ ಅದನ್ನೇ ಬೊಗಳಿ ತಿಳಿಸು."

ಶೋಚಿ ಮರಿಗಳ ಕಡೆ ನೋಡಿತು. ಬಳಿಕ ತನ್ನ ನಾಲ್ಕು ಕಾಲುಗಳನ್ನೂ ಊರಿ, ಕತ್ತು ಚಾಚಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿತು. ಹೊರಬಂದದ್ದು ಒಂದು ಸೀನು.

"ಸೀನು, ಒಂದು," ಎಂದು ಬೇಟೆನಾಯಿ ಗೋಡೆಗೆ ಗಂಭೀರವಾಗಿ ವರದಿ ಒಪ್ಪಿಸಿತು. "ಆಕ್ಷೇಪಣೆ ಇಲ್ಲ."

ಆಮೇಲೆ ಒಳಗೆ ಬಂದು, ಮರಿಗಳನ್ನು ಮೂತಿಯಿಂದ ಆಚೆ ತಳ್ಳಿ, ಬೆಚ್ಚಗಿದ್ದ ಚಾಪೆಯ ಮೇಲೆ ಮೈಚಾಚಿತು. ಶೋಚಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಅಂಗಳದ ಮೂಲೆಗೆ ಸಾಗಿಸಿತು.

ಮರುವರ್ಷ ಶೋಚಿ ಹಾಕಿದ ಮರಿಗಳೆಲ್ಲ ಬೊಗಳುತ್ತಿದ್ದವು.